ಎಡಚಕ್ರದ ಸದ್ದು

ವಿದ್ಯೆ ತಲೆಗೆ ಹತ್ತಲಿಲ್ಲ, ಅಪ್ಪನ ಪಾತ್ರೆ ಅಂಗಡಿಯೂ ಹಿಡಿಸಲಿಲ್ಲ. ಶ್ರವಣಬೆಳಗೊಳಕ್ಕೆ ಹತ್ತಿರದ ಒಂದು ಹಳ್ಳಿಯ ಜೈನರ ಮನೆಯ ವೃಷಭರಾಜ, ಹಿತ್ತಾಳೆ ಚೊಂಬು ತೂಗುವುದನ್ನು ಬಿಟ್ಟು ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕ್ಲೀನರಾಗಿ ಸೇರಿಕೊಂಡ. ಆಗ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ಕಟ್ಟಿದ್ದ ಒಲೆಗೆ ಇದ್ದಿಲು ಸುರಿದು, ಗಾಳಿ ಹೊಡೆದು, ಮೈಯೆಲ್ಲ ಮಸಿ ಮಾಡಿಕೊಂಡು ಮನೆಗೆ ಬಂದ ಮಗನನ್ನು ನೋಡಿ ತಾಯಿ ಅತ್ತರಂತೆ. ಅವನಿಗೆ ಅದರಲ್ಲೇ ಸುಖ.

ಆ ಒಲೆಯ ಪಕ್ಕ ನಿಂತೇ ಅವನು ಗಾಡಿಯ ಸದ್ದು ಕೇಳುವುದನ್ನು ಕಲಿತದ್ದು. ಗ್ಯಾಸು ಸರಿಯಾಗಿ ಹೋಗುತ್ತಿದ್ದರೆ ಒಂದು ಉಸಿರು, ಕಟ್ಟಿಕೊಂಡರೆ ಇನ್ನೊಂದು. ಕ್ರಮೇಣ ಎಂಜಿನ್ನು, ಗೇರು, ಚಕ್ರ, ಸ್ಪ್ರಿಂಗಿನ ಪಟ್ಟಾ, ಎಲ್ಲದರ ದನಿಯೂ ಅವನಿಗೆ ಪರಿಚಯವಾಯಿತು. ಹಿರೀಸಾವೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ರಸ್ತೆಯಲ್ಲಿ ಹಾದು ಹೋದ ಲಾರಿಯ ಕಡೆ ಕತ್ತು ತಿರುಗಿಸದೆಯೇ, "ಪಾಪ, ಅವನ ಬೇರಿಂಗ್ ಹೋಯ್ತದೆ" ಅನ್ನುತ್ತಿದ್ದ. ಮಾತು ಕಡಿಮೆ, ನಗುವೂ ಕಡಿಮೆ. ವಸಂತಮ್ಮನನ್ನು ಮದುವೆಯಾದ ಹೊಸದರಲ್ಲಿ ಅವಳು, "ನಿಮ್ಮ ಜೊತೆ ಮಾತಾಡ್ಬೇಕಾದ್ರೆ ನಾನೂ ಒಂದು ಎಂಜಿನ್ ಇಟ್ಕೋಬೇಕೇನೋ" ಎಂದು ಅಣಕಿಸುತ್ತಿದ್ದಳಂತೆ.

ಸಾವಿರದ ಒಂಬೈನೂರ ಐವತ್ತೇಳರ ಹೊತ್ತಿಗೆ ಹಳ್ಳಿಮೈಸೂರಿನ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಜೀಪು ಬಂತು, ಅದರ ಜೊತೆಗೇ ಡ್ರೈವರನ ಕೆಲಸವೂ ಬಂತು. ಸರ್ಕಾರಿ ಕೆಲಸ. ವೃಷಭರಾಜ ಹೆಂಡತಿಯನ್ನು ಕರೆದುಕೊಂಡು ಹೋಗಿ ಅಲ್ಲೇ ಒಂದು ಹೆಂಚಿನ ಮನೆ ಹಿಡಿದ. ಹೊಳೆನರಸೀಪುರದಿಂದ ಅರಕಲಗೂಡು ಗಡಿಯವರೆಗೆ, ಎತ್ತಿನಗಾಡಿ ಹೋಗುವ ಕಡೆಗೆಲ್ಲ ಅವನ ಜೀಪು ಹೋಗುತ್ತಿತ್ತು. ಸಿಡುಬಿನ ಚುಚ್ಚುಮದ್ದು, ಬಾಣಂತಿಯರು, ಹಾವು ಕಚ್ಚಿದವರು. ಆ ಕೆಲವು ವರ್ಷ ಚೆನ್ನಾಗಿತ್ತು.

ಆಮೇಲೆ ಕೆಮ್ಮು ಶುರುವಾಯಿತು. ಧೂಳು ಎಂದು ಅವನು ತಳ್ಳಿಹಾಕಿದ. ಒಂದು ಬೆಳಿಗ್ಗೆ ಕೆಮ್ಮಿದಾಗ ಟವೆಲಿನಲ್ಲಿ ರಕ್ತ ಕಂಡಿತು. ಕೇಂದ್ರದ ಡಾಕ್ಟರು ಚಂದ್ರಶೇಖರಯ್ಯ ಗಟ್ಟಿ ಮನುಷ್ಯ. ಅವತ್ತೇ ಕಾಗದ ಬರೆದು ಮೈಸೂರಿನ ಆಸ್ಪತ್ರೆಗೆ ಕಳಿಸಿದರು. ಕ್ಷಯ. ತಿಂಗಳುಗಟ್ಟಲೆ ಅವನು ಅಲ್ಲಿದ್ದ. ದಿನಾ ಸ್ಟ್ರೆಪ್ಟೋಮೈಸಿನ್ ಸೂಜಿ. ಜೊತೆಗೆ ಮಲಗಿದ್ದವರಲ್ಲಿ ಕೆಲವರು ಮನೆಗೆ ಹೋದರು, ಕೆಲವರು ಹೋಗಲಿಲ್ಲ. ವೃಷಭರಾಜ ಎದ್ದು ಬಂದ, ಮೈತುಂಬಿಕೊಂಡು. ವಸಂತಮ್ಮ ಶ್ರವಣಬೆಳಗೊಳದ ಬೆಟ್ಟಕ್ಕೆ ಹೋಗಿ ಕೈಮುಗಿದು ಬಂದಳು.

ಮೊದಲು ಹೋದದ್ದು ಬಸದಿಯ ಸಣ್ಣ ಗಂಟೆಯ ಸದ್ದು. ಪೂಜಾರಿ ಗಂಟೆ ಆಡಿಸುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆಮೇಲೆ ಗುಬ್ಬಚ್ಚಿ ಹೋಯಿತು, ಬಳೆ ಹೋಯಿತು, ಹಿತ್ತಲಲ್ಲಿ ನಿಂತು ಕೂಗುವ ವಸಂತಮ್ಮನ ದನಿ ಹೋಯಿತು. ಆ ಸೂಜಿಯಿಂದ ಕೆಲವರ ಕಿವಿ ಹೋಗುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದದ್ದು ಅವನಿಗೆ ನೆನಪಿತ್ತು. ಕಿವಿಯ ವಿಷಯ ಹೆಂಡತಿಯ ಹತ್ತಿರ ಬಿಟ್ಟು ಮತ್ತಾರ ಹತ್ತಿರವೂ ಅನ್ನಲಿಲ್ಲ. ಕಿವಿ ಕೇಳದ ಡ್ರೈವರನಿಗೆ ಯಾರು ಕೆಲಸ ಕೊಡುತ್ತಾರೆ? ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಿದ. ವಸಂತಮ್ಮ ಎದುರು ಕೂತು ದನಿಯಿಲ್ಲದೆ ಬಾಯಾಡಿಸುವಳು, ಅವನು ಊಹಿಸಿ ಹೇಳುವನು. ತಪ್ಪಿದಾಗ ಅವಳಿಗೆ ನಗು ಬಂದರೂ ನಗುತ್ತಿರಲಿಲ್ಲ.

ಜೀಪಿನಲ್ಲಿ ಮಾತ್ರ ತುಟಿ ನೋಡಲಾಗುವುದಿಲ್ಲ, ರಸ್ತೆ ನೋಡಬೇಕು. ಅರವತ್ತೆರಡರಲ್ಲಿ ಕೇಂದ್ರಕ್ಕೆ ಹೊಸ ನರ್ಸು ಬಂದಳು, ಹೊಳೆನರಸೀಪುರದ ಶಾಂತಕುಮಾರಿ. ಬಾಯಿ ತುಂಬ ಮಾತು. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುವಳು. ವೃಷಭರಾಜ ಆಗಾಗ ತಲೆಯಾಡಿಸಿ, "ಹೌದು ಕಣಮ್ಮ" ಅನ್ನುವನು. ಹೆಚ್ಚಿನ ಸಲ ಅದು ಸಾಕಾಗುತ್ತಿತ್ತು.

ಮಾರನೆಯ ವರ್ಷ ಮಳೆಗಾಲಕ್ಕೆ ಮುಂಚೆ ಜೀಪಿನಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ಗಾಡಿ ಹೊರಡುವಾಗ ಒಂದು ಟಕ್. ರಿವರ್ಸ್ ತೆಗೆದುಕೊಂಡಾಗ ಇನ್ನೊಂದು ಟಕ್.

"ರಾಜಣ್ಣ, ಹಿಂದೆ ಏನೋ ಟಕ್ ಅಂತಲ್ಲ?" ಎಂದು ಶಾಂತಕುಮಾರಿ ಅವನ ಭುಜ ಮುಟ್ಟಿ ಕೇಳಿದಳು.

ಟಕ್ ಅನ್ನುವುದನ್ನು ಅವನು ಅವಳ ಬಾಯಿಂದ ಓದಿಕೊಂಡ. "ಕಲ್ಲು ಸಿಡೀತು ಬಿಡಿ" ಅಂದ. ಅವತ್ತು ಸಂಜೆ ಗಾಡಿಯ ಕೆಳಗೆ ತೂರಿ ಕೈಗೆ ಸಿಕ್ಕಿದ್ದನ್ನೆಲ್ಲ ಅಲುಗಿಸಿ ನೋಡಿದ. ಏನೂ ಸಡಿಲ ಕಾಣಲಿಲ್ಲ. ಮೊದಲಾಗಿದ್ದರೆ ಸದ್ದು ಎಲ್ಲಿದೆ ಅನ್ನುವುದನ್ನು ಕಿವಿಯೇ ಹೇಳಿಬಿಡುತ್ತಿತ್ತು, ಕೈ ಆಮೇಲೆ ಅಲ್ಲಿಗೆ ಹೋಗುತ್ತಿತ್ತು. ಈಗ ಕೈಗೆ ದಾರಿ ತೋರಿಸುವವರಿಲ್ಲ. ಅವನಿಗೆ ಭಯವಾದದ್ದು ಆಗಲೇ.

ಕೆಲವು ವಾರಗಳಲ್ಲಿ ಟಕ್ ಅನ್ನುವುದು ಧಡ್ ಆಯಿತು. ಅದರ ಜೊತೆಗೆ ಜಾರುವುದೂ ಶುರುವಾಯಿತು. ದಿಬ್ಬ ಹತ್ತುವಾಗ ಎಂಜಿನ್ನು ಅರಚಿಕೊಳ್ಳುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಡಾಕ್ಟರು ಜೀಪನ್ನು ಹಾಸನದ ಒಂದು ಗ್ಯಾರೇಜಿಗೆ ಕಳಿಸಿದರು. ಅಲ್ಲಿಯ ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ ನೋಡಿ, ಕ್ಲಚ್ ಪ್ಲೇಟು ಸವೆದಿದೆ ಎಂದು ಹೊಸದು ಹಾಕಿದ. "ಡ್ರೈವರು ಯಾವಾಗ್ಲೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ" ಎಂದು ಡಾಕ್ಟರಿಗೆ ಹೇಳಿ ಕಳಿಸಿದ. ವಾರ ಕಳೆಯುವುದರೊಳಗೆ ಗಾಡಿ ಮತ್ತೆ ಜಾರಿತು.

ಡಾಕ್ಟರು ವೃಷಭರಾಜನನ್ನು ಕರೆದು ಮುಖ ನೋಡದೆ ಮಾತಾಡಿದರು. ಮುಖ ನೋಡದೆ ಆಡಿದ್ದರಿಂದ ಅವನಿಗೆ ಅರ್ಧವೂ ತಿಳಿಯಲಿಲ್ಲ. ಕೊನೆಗೆ ತಲೆಯೆತ್ತಿದಾಗ ಕಂಡ ಮಾತು ಇಷ್ಟು: "ಮತ್ತೆ ಹೀಗಾದ್ರೆ ಬೇರೆ ಡ್ರೈವರನ್ನ ಕೇಳ್ತೀನಿ."

ಮನೆಗೆ ಬಂದವನು ಊಟ ಮಾಡಲಿಲ್ಲ. "ಡಾಕ್ಟರಿಗೆ ಹೇಳಿಬಿಡಿ" ಎಂದು ವಸಂತಮ್ಮ ಬಾಯಾಡಿಸಿದಳು. ಅವನು ಅರ್ಥವಾಗದವನಂತೆ ಗೋಡೆ ಕಡೆ ತಿರುಗಿದ.

ಗುರುಸಿದ್ದಮ್ಮನ ಸಂಗತಿ ನಡೆದದ್ದು ಇದಾದ ಸ್ವಲ್ಪ ದಿನಕ್ಕೆ. ಅರಕಲಗೂಡು ಗಡಿಯ ಹಳ್ಳಿಯೊಂದರಲ್ಲಿ ಈ ಮುದುಕಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಬೇಕಿತ್ತು. ಬೆಳಿಗ್ಗೆಯೇ ವೃಷಭರಾಜನೂ ಶಾಂತಕುಮಾರಿಯೂ ಹೋದರು. ಮುದುಕಿಯ ಮಗ ಶಿವಯ್ಯ ಮನೆಯ ಒಂದು ಬಾಗಿಲನ್ನೇ ಕಿತ್ತು, ಅದರ ಮೇಲೆ ಕಂಬಳಿ ಹಾಸಿ ತಾಯಿಯನ್ನು ಮಲಗಿಸಿದ. ಜೀಪಿನ ಹಿಂದಿನ ತಗಡಿನ ಬಾಗಿಲು ಇಳಿಸಿ ಹಲಗೆಯನ್ನು ಒಳಗೆ ತಳ್ಳಿದರು. ಮುದುಕಿಯ ಪಾದಗಳು ಹೊರಗೇ ಉಳಿದವು. ಶಿವಯ್ಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

ಊರಾಚೆಯ ಹಳ್ಳ ದಾಟಿ ದಿಬ್ಬ ಹತ್ತುವಾಗ ಎಂಜಿನ್ನು ಅರಚಿತು. ಜೀಪು ನಡುಗಿ ನಿಂತು, ಹಿಂದಕ್ಕೆ ಜರುಗಿತು. ವೃಷಭರಾಜ ಬ್ರೇಕು ಒತ್ತಿ ಹಿಡಿದ. ಶಿವಯ್ಯ ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟ.

"ಅಯ್ಯೋ ಶಿವನೇ!" ಎಂದು ಮುದುಕಿ ಕೂಗಿದಳು. "ಕೆಳಗಿಂದ ಯಾರೋ ಒನಕೆ ತಕ್ಕಂಡು ಗುದ್ದುದಂಗಾಯ್ತದಲ್ಲಪ್ಪಾ!"

ವೃಷಭರಾಜನಿಗೆ ಕೂಗು ಕೇಳಲಿಲ್ಲ. ಹಿಂದಿರುಗಿದಾಗ ಕಂಡದ್ದು ನೋವಿಗೆ ಹಿಂಡಿಹೋಗಿದ್ದ ಮುದುಕಿಯ ಮುಖ. ತನ್ನ ಗಾಡಿಯಲ್ಲಿ ಏನೋ ಹೊಡೆದಿದೆ, ಎಲ್ಲರಿಗೂ ಗೊತ್ತಾಗಿದೆ, ತನಗೊಬ್ಬನಿಗೆ ಗೊತ್ತಾಗಿಲ್ಲ. ಕೈಬ್ರೇಕು ಎಳೆದ. ಆಮೇಲೆ ಶಾಂತಕುಮಾರಿಯ ಕಡೆ ತಿರುಗಿದ.

"ಅಮ್ಮಾ, ನನಗೆ ಕಿವಿ ಕೇಳಕಿಲ್ಲ."

"ಗೊತ್ತು ರಾಜಣ್ಣ" ಅಂದಳು ಅವಳು, ಅವನಿಗೆ ಕಾಣುವ ಹಾಗೆ ಮುಖವಿಟ್ಟು.

"ಯಾವಾಗಿಂದ ಗೊತ್ತು?"

"ಹೋದ ವರ್ಷ ನಮ್ಮಪ್ಪ ತೀರ್ಕೊಂಡ್ರು ಅಂತ ಹೇಳ್ದೆ. ನೀವು ರಸ್ತೆ ನೋಡ್ಕೊಂಡು, 'ಒಳ್ಳೇದಾಯ್ತು ಬಿಡಿ' ಅಂದ್ರಿ. ಅವತ್ತು ಮನೆಗೆ ಹೋಗಿ ಅತ್ತೆ. ಆಮೇಲೆ ಯೋಚನೆ ಮಾಡ್ದೆ, ರಾಜಣ್ಣ ಅಂಥಾ ಮನುಷ್ಯ ಅಲ್ವಲ್ಲ ಅಂತ."

ಅವನ ಕಣ್ಣಲ್ಲಿ ನೀರು ತುಂಬಿತು. ಹಿಂದಿನಿಂದ ಶಿವಯ್ಯ, "ಏನ್ ಸಾ, ಓಗ್ತದಾ ಇಲ್ವಾ ಗಾಡಿ?" ಎಂದು ಕೇಳಿದ. ಶಾಂತಕುಮಾರಿ ಅದನ್ನು ಮತ್ತೆ ಬಿಡಿಸಿ ಹೇಳಿದಳು.

"ಹೋಗ್ಬೇಕು" ಅಂದ ವೃಷಭರಾಜ. "ನೀವು ಕೇಳಿ ನನಗೆ ಹೇಳ್ಬೇಕು. ನಾನು ನೋಡ್ತೀನಿ."

ಮಾಮೂಲಿ ರಸ್ತೆಯಲ್ಲಿ ಜೀಪನ್ನು ನೂಕುವುದು ಹಿಂದಿನ ಚಕ್ರಗಳು ಮಾತ್ರ. ಗೇರಿನ ಪಕ್ಕದ ಸಣ್ಣ ಕಡ್ಡಿ ಎಳೆದರೆ ಮುಂದಿನವೂ ಎಳೆಯುತ್ತವೆ. ಒಣಗಿದ ದಾರಿಯೆಂದು ಅವನು ಅದನ್ನು ಮುಟ್ಟಿರಲಿಲ್ಲ. ಈಗ ಎಳೆದು ಮೆಲ್ಲಗೆ ಕ್ಲಚ್ ಬಿಟ್ಟ. ಜೀಪು ಗೊಣಗುತ್ತ ದಿಬ್ಬ ಹತ್ತಿ ಮೇಲೆ ಬಂದು ಸಮನೆಲದಲ್ಲಿ ನಿಂತಿತು.

ವೃಷಭರಾಜನ ಮುಖದಲ್ಲಿ ಎಷ್ಟೋ ದಿನಕ್ಕೆ ಜೀವ ಬಂದಿತ್ತು. "ನೋಡಿ, ಎಂಜಿನ್ನಿನ ಶಕ್ತಿ ಎಲ್ಲಾ ಚಕ್ರಕ್ಕೂ ಕ್ಲಚ್ ಮೂಲಕವೇ ಹೋಗೋದು. ಕ್ಲಚ್ಚು ಜಾರೋದಾಗಿದ್ರೆ ಈಗಲೂ ಜಾರ್ಬೇಕಿತ್ತು. ಜಾರ್ಲಿಲ್ಲ. ಅಂದ್ರೆ ರೋಗ ಮುಂದೆ ಇಲ್ಲ, ಹಿಂದೆ ಐತೆ. ಧಡ್ ಅಂದದ್ದು ಎಲ್ಲಿ? ನಡುವೆನಾ, ಪಕ್ಕದಲ್ಲಾ?"

ಶಾಂತಕುಮಾರಿ ನೆನಪು ಮಾಡಿಕೊಳ್ಳಲು ನೋಡಿದಳು. "ಹಿಂದೆ ಅನ್ನೋದು ನಿಜ. ಯಾವ ಪಕ್ಕ ಅಂತ ಗೊತ್ತಾಗ್ಲಿಲ್ಲ."

ಮುದುಕಿ ಹಲಗೆಯ ಮೇಲಿಂದಲೇ ಮಾತಾಡಿದಳು. "ಅವಳ್ನೇನ್ ಕೇಳ್ತೀಯೋ ಮಗಾ, ನನ್ನ ಸೊಂಟ ಕೇಳು. ಎಡಕ್ಕೆ ಹೊಡೀತು. ಮುರಿದಿರೋದು ಬಲಕ್ಕೆ, ನೋವು ಎಡದಿಂದ ಎದ್ದು ಬಲಕ್ಕೆ ಬಂತು."

ಶಾಂತಕುಮಾರಿ ಎಡಗೈ ಎತ್ತಿ ತೋರಿಸಿದಳು. ವೃಷಭರಾಜ ಮುದುಕಿಯ ಕಡೆ ನೋಡಿ ಕೈಮುಗಿದ. ಇನ್ನು ಅವಳನ್ನು ಹೊತ್ತುಕೊಂಡು ಗಾಡಿಯ ಪರೀಕ್ಷೆ ಮಾಡುವುದು ಬೇಡವೆಂದು, ಹೊಲದಲ್ಲಿದ್ದ ಇಬ್ಬರನ್ನು ಕೂಗಿ, ಹಲಗೆಯನ್ನು ಹಾಗೆಯೇ ಇಳಿಸಿ ಹೊಂಗೆ ಮರದ ನೆರಳಿನಲ್ಲಿ ಇಟ್ಟರು.

ಚಕ್ರದ ನಟ್ಟನಡುವೆ ಆಕ್ಸಲ್ಲಿನ ತುದಿ ಹೊರಗೆ ಇಣುಕುತ್ತದೆ, ಅದರ ಮೇಲೆ ದಪ್ಪ ನಟ್ಟು ಕೂತಿರುತ್ತದೆ. ಒಳಗಿನ ಆಕ್ಸಲ್ಲು ತಿರುಗಿದಷ್ಟೂ ಹೊರಗಿನ ಚಕ್ರ ತಿರುಗಬೇಕು. ತಿರುಗುತ್ತಿದೆಯೋ ಇಲ್ಲವೋ ನೋಡಲು ಒಂದು ಗುರುತು ಬೇಕಿತ್ತು. "ಸೀಮೆಸುಣ್ಣ ಇದ್ಯಾ?" ಎಂದು ವೃಷಭರಾಜ ಕೇಳಿದ. ಅದಕ್ಕೂ ಮುದುಕಿಯೇ ದಾರಿ ಮಾಡಿದಳು. ತಲೆದಿಂಬಿನ ಅಡಿಯಿಂದ ಎಲೆಯಡಿಕೆ ಚೀಲ ತೆಗೆದು ಸುಣ್ಣದ ಡಬ್ಬಿ ಕೊಟ್ಟಳು. ಅವನು ಬೆರಳಲ್ಲಿ ಸುಣ್ಣ ಅದ್ದಿ, ನಟ್ಟಿನಿಂದ ಚಕ್ರದವರೆಗೆ ಒಂದೇ ನೇರ ಗೆರೆ ಎಳೆದ. ಎಡಕ್ಕೊಂದು, ಬಲಕ್ಕೊಂದು.

ಚಕ್ರಗಳ ಮುಂದೆ ದೊಡ್ಡ ಕಲ್ಲುಗಳನ್ನು ಇಡಿಸಿದ. ಸಣ್ಣ ಕಡ್ಡಿಯನ್ನು ಮೊದಲಿನ ಜಾಗಕ್ಕೆ ತಳ್ಳಿ, ಬರೀ ಹಿಂದಿನ ಚಕ್ರಕ್ಕೆ ಎಳೆತ ಕೊಟ್ಟ. ಶಾಂತಕುಮಾರಿ ದೂರದಲ್ಲಿ, ಅವನಿಗೆ ಕಾಣುವ ಜಾಗದಲ್ಲಿ ನಿಂತಳು. ಕ್ಲಚ್ ಮೆಲ್ಲಗೆ ಬಿಟ್ಟ. ಎಂಜಿನ್ನಿನ ದನಿ ಏರಿತು. ಅವಳ ಕೈ ಫಕ್ಕನೆ ಮೇಲೆದ್ದಿತು. ಅವನು ಎಂಜಿನ್ನು ನಿಲ್ಲಿಸಿ ಇಳಿದ.

ಬಲಗಡೆಯ ಗೆರೆ ಎಳೆದ ಹಾಗೇ ಇತ್ತು. ಎಡಗಡೆ ನಟ್ಟಿನ ಮೇಲಿನ ಗೆರೆ ಕೆಳಕ್ಕೆ ಹೋಗಿತ್ತು, ಚಕ್ರದ ಮೇಲಿನದು ನಿಂತಲ್ಲೇ ನಿಂತಿತ್ತು.

"ಕೀ" ಅಂದ ವೃಷಭರಾಜ. "ಇಷ್ಟುದ್ದ ಉಕ್ಕಿನ ತುಂಡು. ಆಕ್ಸಲ್ಲಿಗೂ ಚಕ್ರಕ್ಕೂ ನಡುವೆ ಸಿಗಿಸಿರ್ತಾರೆ. ಅದು ತುಂಡಾಗೈತೆ. ಬಿಗಿಯಾಗಿ ಕೂತಿರೋದ್ರಿಂದ ಸಮ ರಸ್ತೇಲಿ ಹೆಂಗೋ ಎಳೀತದೆ, ಭಾರ ಬಿದ್ರೆ ಜಾರ್ತದೆ, ಮತ್ತೆ ಕಚ್ಕೊಳ್ಳುವಾಗ ಹೊಡೀತದೆ." ಹೇಳುತ್ತ ಹೇಳುತ್ತ ನೆಲದ ಮೇಲೇ ಕೂತುಬಿಟ್ಟ. ಅವನಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನಟ್ಟನ್ನು ಕೈಲಾದಷ್ಟು ಬಿಗಿ ಮಾಡಿ, ಮುದುಕಿಯನ್ನು ಮತ್ತೆ ಹತ್ತಿಸಿ, ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು, ನಡೆಯುವವರ ವೇಗದಲ್ಲಿ ಹೊರಟರು. ಮುದುಕಿಗೆ ಆಮೇಲೆ ಒಂದು ಗುದ್ದೂ ಬೀಳಲಿಲ್ಲ. ಹೊಳೆನರಸೀಪುರದ ಹತ್ತಿರ ಮರದ ಕೆಳಗೆ ನಿಲ್ಲಿಸಿದಾಗ ಹೊತ್ತು ಇಳಿಯುತ್ತಿತ್ತು. ಜೈನರ ಪದ್ಧತಿಯಂತೆ ಕತ್ತಲಾದ ಮೇಲೆ ವೃಷಭರಾಜ ಉಣ್ಣುವವನಲ್ಲ. ವಸಂತಮ್ಮ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ, ಅವಲಕ್ಕಿಯನ್ನು ಎಲ್ಲರಿಗೂ ಹಂಚಿದ. ಗುರುಸಿದ್ದಮ್ಮನಿಗೆ ಶಾಂತಕುಮಾರಿ ತಿನ್ನಿಸಿದಳು. "ಉಪ್ಪು ಕಮ್ಮಿ" ಎಂದಳು ಮುದುಕಿ.

ಅವಳನ್ನು ಆಸ್ಪತ್ರೆಗೆ ಸೇರಿಸಿ, ಮಾರನೆಯ ದಿನ ಜೀಪನ್ನು ಅದೇ ಗ್ಯಾರೇಜಿಗೆ ಒಯ್ದರು. ಮೇಸ್ತ್ರಿ ಎಡಚಕ್ರ ಕಳಚಿ, ಅದು ಕೂರುವ ಹಬ್ಬನ್ನು ಎಳೆದಾಗ ಕೀ ಎರಡು ತುಂಡಾಗಿ ಕೈಗೆ ಬಂತು. "ಇದು ನಮಗೆ ಹೊಳೀಲಿಲ್ಲ ನೋಡಿ" ಅಂದ ಅವನು ಮುಚ್ಚುಮರೆಯಿಲ್ಲದೆ. "ಕ್ಲಚ್ಚು ಸವೆದಿದ್ದೂ ಸುಳ್ಳಲ್ಲ. ಅದು ಕಂಡಮೇಲೆ ಮುಂದಕ್ಕೆ ಹುಡುಕಲಿಲ್ಲ." ಹೊಸ ಕೀ ಕೂರಿಸಿಕೊಟ್ಟ. ಜೀಪು ಸದ್ದಿಲ್ಲದೆ ಹೊರಟಿತು, ಹಾಗಂತ ಶಾಂತಕುಮಾರಿ ಹೇಳಿದಳು.

ಇಲ್ಲಿಗೆ ಎಲ್ಲ ಸರಿಹೋಗಬಹುದಿತ್ತು. ಕೇಂದ್ರದಲ್ಲಿ ಗುಟ್ಟು ಇದ್ದದ್ದು ಅವರಿಬ್ಬರ ನಡುವೆ, ಅವಳು ಬಾಯಿ ಬಿಡುವವಳಲ್ಲ. ಆದರೆ ವಾಪಸು ಬರುವಾಗ ಹಿಂದಿನಿಂದ ಒಂದು ಬಸ್ಸು ತುಂಬ ಹೊತ್ತು ಹಾರನ್ ಹೊಡೆದು, ಕೊನೆಗೆ ರಸ್ತೆ ಬಿಟ್ಟು ಇಳಿದು ಜೀಪನ್ನು ಉಜ್ಜಿಕೊಂಡ ಹಾಗೆ ಮುಂದಕ್ಕೆ ಹೋಯಿತು. ಶಾಂತಕುಮಾರಿ ಅವನ ತೋಳು ಎಳೆದದ್ದರಿಂದಲೇ ಅವನು ಪಕ್ಕಕ್ಕೆ ಸರಿದದ್ದು. ಗಾಡಿ ನಿಲ್ಲಿಸಿದ.

"ನಿನ್ನೆ ಇದೇ ಗಾಡಿ ಹಿಂದೆ ಮುದುಕಿ ಮಲಗಿದ್ಲು" ಎಂದಷ್ಟೇ ಅಂದ.

ಅವತ್ತೇ ಡಾಕ್ಟರ ಮುಂದೆ ಹೋಗಿ ನಿಂತು ಎಲ್ಲ ಹೇಳಿದ. ಚಂದ್ರಶೇಖರಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಅವನ ಮುಖ ನೋಡಿಕೊಂಡೇ ಕೇಳಿದರು: "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗ್ತದೆ ಅನ್ನೋ ಹೆದ್ರಿಕೆ ಸಾ. ಇನ್ನೊಂದು... ನೀವು ಕಳಿಸಿ ಸೂಜಿ ಕೊಡ್ಸಿ ಜೀವ ಉಳಿಸಿದ್ರಿ. ಅದೇ ಸೂಜಿಯಿಂದ ಕಿವಿ ಹೋಯ್ತು ಅಂದ್ರೆ ದೂರಿದಂಗಾಯ್ತದೆ."

ಡಾಕ್ಟರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಗಾಡಿ ಮಾತ್ರ ಇನ್ನು ಕೊಡಲಾಗುವುದಿಲ್ಲ ಎಂದು ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದರು. ಮೇಲಿನವರಿಗೆ ಬರೆದು ಅಲ್ಲೇ ಜವಾನನ ಕೆಲಸ ಕೊಡಿಸಿದರು. ಆದರೆ ಜವಾನನ ಕೆಲಸವೆಂದರೆ ಕೂಗಿದಾಗ ಓಗೊಡುವುದು. ಒಳಗಿನಿಂದ ಗಂಟೆ ಒತ್ತುವರು, ವೃಷಭರಾಜ ಸ್ಟೂಲಿನ ಮೇಲೆ ಅಂಗಳ ನೋಡುತ್ತ ಕೂತಿರುವನು. ಹೊಸ ಡ್ರೈವರು ಜೀಪು ತೆಗೆದುಕೊಂಡು ಹೋಗುವುದನ್ನು ನೋಡುವುದಂತೂ ಇನ್ನೂ ಕಷ್ಟವಾಗುತ್ತಿತ್ತು. ಒಂದು ಮಳೆಗಾಲ ಕಳೆದು, ತಾನೇ ಕೆಲಸ ಬಿಟ್ಟ.

ಚನ್ನರಾಯಪಟ್ಟಣದಿಂದ ಹಿರೀಸಾವೆ ಕಡೆಗೆ ಹೋಗುವ ರಸ್ತೆಯಲ್ಲಿ ಅಪ್ಪನ ಪಾಲಿಗೆ ಬಂದ ಸಣ್ಣ ಜಾಗವಿತ್ತು. ಅಲ್ಲಿ ತಗಡಿನ ಚಪ್ಪರ ಹಾಕಿ ರಿಪೇರಿ ಶುರುಮಾಡಿದ. ಮೊದಮೊದಲು ಪಂಕ್ಚರ್, ಪಟ್ಟಾ, ಬ್ರೇಕು, ಕಣ್ಣಿಗೆ ಕಾಣುವ ಕೆಲಸ ಮಾತ್ರ. ಸದ್ದಿನ ಗಾಡಿ ಬಂದರೆ ಮುಂದಿನ ಊರಿಗೆ ಹೋಗಿ ಅನ್ನುತ್ತಿದ್ದ.

ಒಂದು ಮಧ್ಯಾಹ್ನ ವಸಂತಮ್ಮ ಬುತ್ತಿ ತಂದಾಗ ತೆಂಗಿನಕಾಯಿ ಲಾರಿಯೊಂದು ನಿಂತಿತ್ತು. ಡ್ರೈವರು ಸದ್ದಿನ ಬಗ್ಗೆ ಕೈ ಬಾಯಿ ಆಡಿಸಿ ಏನೇನೋ ಹೇಳುತ್ತಿದ್ದ. ವೃಷಭರಾಜ ತಲೆಯಾಡಿಸುತ್ತಿದ್ದ. ವಸಂತಮ್ಮ ಬುತ್ತಿ ಕೆಳಗಿಟ್ಟು, "ಇನ್ನೊಂದ್ಸಲ ಶುರು ಮಾಡಪ್ಪಾ" ಅಂದಳು. ಸೆರಗು ಕಟ್ಟಿಕೊಂಡು ಲಾರಿಯ ಸುತ್ತ ಒಂದು ಸುತ್ತು ಬಂದು, ಗಂಡನ ಎದುರು ನಿಂತಳು.

"ಬೀಸೋ ಕಲ್ಲಿಗೆ ರಾಗಿ ಹಾಕದೆ ಬರೀದೇ ತಿರುಗಿಸಿದಂಗೆ ಅದೆ. ಗಾಡಿ ಹೊರಟ್ರೆ ಜಾಸ್ತಿ. ನಡುಮಧ್ಯದಿಂದ ಬತ್ತದೆ." ಅವನ ಅಂಗೈ ಹಿಡಿದು, ಆ ಸದ್ದು ಎಷ್ಟು ಬೇಗ ಬೇಗ ಬರುತ್ತದೆ ಅನ್ನುವುದನ್ನು ಬೆರಳಿನಿಂದ ಬಡಿದು ತೋರಿಸಿದಳು.

ವೃಷಭರಾಜ ಅವಳನ್ನೇ ನೋಡಿದ. ಆಮೇಲೆ ಲಾರಿಯ ಕೆಳಗೆ ತೂರಿದ. ಹಿಂದಿನ ಆಕ್ಸಲ್ಲಿನ ನಡುವಿನ ಗುಂಡು ಪೆಟ್ಟಿಗೆಯಲ್ಲಿ ಎಣ್ಣೆ ಒಂದು ತೊಟ್ಟೂ ಇರಲಿಲ್ಲ, ಒಳಗಿನ ಗೇರಿನ ಹಲ್ಲುಗಳು ಒಣಗಿ ಕಚ್ಚಾಡುತ್ತಿದ್ದವು.

ಮಾರನೆಯ ದಿನದಿಂದ ವಸಂತಮ್ಮ ಮನೆಗೆಲಸ ಮುಗಿಸಿ ಚಪ್ಪರಕ್ಕೆ ಬರತೊಡಗಿದಳು. ನೆಂಟರು ಆಡಿಕೊಂಡರು. ಹೆಂಗಸು ಲಾರಿ ಹತ್ತಿ ಡ್ರೈವರನ ಪಕ್ಕ ಕೂತು ಹಿರೀಸಾವೆವರೆಗೂ ಹೋಗಿ ಬರುತ್ತಾಳಂತೆ ಎಂದರು. ಹೋಗಿ ಬರುತ್ತಿದ್ದದ್ದು ನಿಜ. ಓಡಿದಾಗ ಮಾತ್ರ ಬರುವ ಸದ್ದನ್ನು ಓಡಿಸಿಯೇ ಕೇಳಬೇಕು. ಮಜ್ಜಿಗೆ ಕಡೆದ ಹಾಗೆ, ಒಡೆದ ಮಡಕೆ ತಟ್ಟಿದ ಹಾಗೆ, ಹಸಿ ಸೌದೆ ಉರಿದ ಹಾಗೆ, ಅವಳ ಮಾತೆಲ್ಲ ಅಡಿಗೆಮನೆಯದು. ಅದು ಅವನಿಗೆ ಸಾಕಾಗುತ್ತಿತ್ತು. ಅರವತ್ತೈದರ ಹೊತ್ತಿಗೆ ಹಾಸನದ ಕಡೆಯ ಜೀಪುಗಳೂ ಅಲ್ಲಿ ಬಂದು ನಿಲ್ಲುತ್ತಿದ್ದವು. ಜನ ಅದನ್ನು ವಸಂತಮ್ಮನ ಗ್ಯಾರೇಜು ಎಂದೇ ಕರೆದರು, ವೃಷಭರಾಜನಿಗೆ ಅದರಿಂದ ಬೇಸರವಾಗಲಿಲ್ಲ.

ಅವರ ನಡುವೆ ಜಗಳವೂ ಆಗುತ್ತಿತ್ತು. ಒಮ್ಮೆ ತೋಟದ ಸಾಹುಕಾರರ ಜೀಪೊಂದು ಬಂದಾಗ, ಸದ್ದು ಮುಂದಿನ ಚಕ್ರದ್ದು ಎಂದು ಅವಳು, ಹಿಂದಿನದು ಎಂದು ಅವನು. ಅವನು ಹಟ ಹಿಡಿದು ಹಿಂದಿನದನ್ನೆಲ್ಲ ಬಿಚ್ಚಿ ಹರಡಿದ. ಏನೂ ಸಿಗಲಿಲ್ಲ. ಎಣ್ಣೆ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತ ಹೊರಗೆ ಬಂದಾಗ ಅವಳು ಏನೂ ಅನ್ನದೆ ಮುಂದಿನ ಚಕ್ರದ ಪಕ್ಕ ಜಾಕಿ ತಂದಿಟ್ಟಿದ್ದಳು. ಅವನು ನಕ್ಕುಬಿಟ್ಟ.

"ಕಿವಿ ಇದ್ದಾಗ ನಿನ್ನ ಮಾತು ಇಷ್ಟು ಕೇಳ್ತಿರಲಿಲ್ಲ ಕಣೇ" ಅಂದ.

"ಈಗ್ಲೂ ಕೇಳ್ಲಿಲ್ವಲ್ಲ" ಎಂದು ಅವಳು ಸ್ಪ್ಯಾನರ್ ಅವನ ಕೈಗೆ ಕೊಟ್ಟಳು.